ದಾಸ್ಯಭೇದವೂ ದೇಶೈಕ್ಯವೂ

ಕಾಗಿಣಾ ನದಿಯ ತೀರದಲ್ಲಿರುವ ಮಳಖೇಡವು ಎರಡು ಕಾರಣಗಳಿಂದ ಪ್ರಖ್ಯಾತವಾದುದು. ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾದ ಮಾನ್ಯಖೇಟವೆಂದು ಇತಿಹಾಸಜ್ಞರು ಇದನ್ನು ಸ್ಮರಿಸುತ್ತಾರೆ. ಟೀಕಾಚಾರ್ಯರೆಂದು ವಿಖ್ಯಾತರಾದ ಜಯತೀರ್ಥರ ಸನ್ನಿಧಾನವೆಂದು ಭಕ್ತರು ಇಲ್ಲಿಗೆ ಯಾತ್ರೆ ಬರುತ್ತಾರೆ. ಈ ಎರಡನೆಯ ಪರಂಪರೆಯಲ್ಲಿ ದಾಸನೆಂಬುದು ಬಿರುದು. ಹರಿಗೆ ದಾಸನೆನಿಸಿಕೊಂಡವನಿಗೆ ಲೋಕವು ತಲೆಬಾಗುವುದು. ಆದರೆ ಇದೇ ಶಬ್ದಕ್ಕೆ ಧರ್ಮಶಾಸ್ತ್ರದ ವ್ಯವಹಾರಾಧ್ಯಾಯದಲ್ಲಿ ಬೇರೊಂದು ಅರ್ಥವಿದೆ. ಅಲ್ಲಿ ದಾಸನೆಂದರೆ ಇನ್ನೊಬ್ಬ ಮನುಷ್ಯನ ಸ್ವತ್ತು.

ಆ ಅರ್ಥವನ್ನು ವಿಸ್ತಾರವಾಗಿ ವಿಚಾರಿಸಿದ ಗ್ರಂಥವೂ ಈ ಸೀಮೆಗೆ ಹೊರಗಿನದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಶಹಾಬಾದದ ಸಮೀಪದ ಮರತೂರು ಆತನ ಸ್ಥಳವೆಂದು ಈ ಜಿಲ್ಲೆಯ ಪರಂಪರೆಯು ನಂಬಿಕೊಂಡು ಬಂದಿದೆ. ದಾಯಭಾಗದ ವಿಷಯದಲ್ಲಿ ಭರತಖಂಡದ ಬಹುಭಾಗದ ನ್ಯಾಯಾಲಯಗಳು ಶತಮಾನಗಳ ತರುವಾಯವೂ ಆ ಗ್ರಂಥವನ್ನು ಪ್ರಮಾಣವೆಂದು ಎತ್ತಿಕೊಂಡವು. ಅದರಲ್ಲಿ ದಾಸರ ಪ್ರಕರಣವೂ ಇದೆಯೆಂಬುದನ್ನು ಮಾತ್ರ ಸಾಮಾನ್ಯ ವಾಚಕರು ಗಮನಿಸುವುದು ಕಡಿಮೆ.

ಆ ಪ್ರಕರಣದಲ್ಲಿ ನಾರದಸ್ಮೃತಿಯನ್ನು ಅನುಸರಿಸಿ ದಾಸರಲ್ಲಿ 15 ಬಗೆಗಳನ್ನು ಎಣಿಸಲಾಗಿದೆ. ಮನೆಯ ದಾಸಿಯಲ್ಲಿ ಹುಟ್ಟಿದವನು, ಕ್ರಯಕ್ಕೆ ಕೊಂಡವನು, ದಾನವಾಗಿ ಬಂದವನು, ಪಿತ್ರಾರ್ಜಿತವಾಗಿ ಬಂದವನು, ಕ್ಷಾಮಕಾಲದಲ್ಲಿ ಅನ್ನವಿಕ್ಕಿ ಉಳಿಸಲ್ಪಟ್ಟವನು, ಒತ್ತೆಯಾಗಿ ಇಡಲ್ಪಟ್ಟವನು, ಸಾಲದಿಂದ ಬಿಡಿಸಲ್ಪಟ್ಟವನು, ಯುದ್ಧದಲ್ಲಿ ಸಿಕ್ಕವನು, ಪಣದಲ್ಲಿ ಗೆಲ್ಲಲ್ಪಟ್ಟವನು, ತನ್ನನ್ನು ತಾನೇ ಮಾರಿಕೊಂಡವನು ಮುಂತಾಗಿ ಆ ಪಟ್ಟಿ ಬೆಳೆಯುತ್ತದೆ. ಇವರಲ್ಲಿ ಮೊದಲ ನಾಲ್ವರಿಗೆ ಒಡೆಯನ ಅನುಗ್ರಹದ ಹೊರತು ಬಿಡುಗಡೆಯಿಲ್ಲ. ಸಾಲದ ದಾಸನಿಗೆ ಬಡ್ಡಿಸಹಿತ ಸಾಲ ತೀರಿದರೆ ಬಿಡುಗಡೆ. ಅನ್ನಕ್ಕಾಗಿ ದಾಸನಾದವನಿಗೆ ಆ ಅನ್ನವನ್ನು ಬಿಟ್ಟರೆ ಬಿಡುಗಡೆ. ಒಡೆಯನ ಪ್ರಾಣವನ್ನು ಕಾಪಾಡಿದವನು ಯಾವ ಬಗೆಯ ದಾಸನಾದರೂ ಮುಕ್ತನಾಗುವನು. ಬಲಾತ್ಕಾರದಿಂದ ದಾಸನಾದವನನ್ನೂ ಕಳ್ಳರು ಮಾರಿದವನನ್ನೂ ಬಿಡಿಸತಕ್ಕದ್ದು. ಈ ವಿಧಿಗಳಲ್ಲಿ ದಯೆಯ ಅಂಶವಿದೆಯೆಂಬುದು ನಿಜ. ಆದರೆ ದಾಸ್ಯವು ವರ್ಣಗಳ ಇಳಿಮುಖಕ್ರಮದಲ್ಲಿಯೇ ಸಲ್ಲುವುದೆಂಬ ನಿಯಮವೂ ಅಲ್ಲಿಯೇ ಇದೆ. ಮೇಲಿನವನು ಕೆಳಗಿನವನನ್ನು ದಾಸನನ್ನಾಗಿ ಮಾಡಿಕೊಳ್ಳಬಹುದಿತ್ತು, ಕೆಳಗಿನವನು ಮೇಲಿನವನನ್ನು ಮಾಡಿಕೊಳ್ಳುವಂತಿರಲಿಲ್ಲ. ಇದನ್ನು ಮರೆಮಾಚಿ ಶಾಸ್ತ್ರವನ್ನು ಹೊಗಳುವುದು ಪಾಂಡಿತ್ಯವೆನಿಸದು.

ಬಿಡುಗಡೆಯ ವಿಧಾನವನ್ನು ನಾರದನು ಹೀಗೆ ವಿಧಿಸಿದ್ದಾನೆ. ಪ್ರಸನ್ನನಾದ ಒಡೆಯನು ದಾಸನ ಹೆಗಲಿನ ಮೇಲಿರುವ ನೀರಿನ ಕೊಡವನ್ನು ತೆಗೆದುಕೊಂಡು ನೀರುಸಹಿತ ಒಡೆಯಬೇಕು. ಅಕ್ಷತೆ ಹೂವುಗಳೊಡನೆ ಅವನ ತಲೆಯ ಮೇಲೆ ನೀರನ್ನು ತಳಿಯಬೇಕು. ಅನಂತರ ದಾಸನಲ್ಲವೆಂದು ಮೂರು ಸಲ ಹೇಳಿ, ಪೂರ್ವಾಭಿಮುಖನನ್ನಾಗಿ ಮಾಡಿ ಕಳುಹಿಸಬೇಕು. ಕೊಡ ಹೊರುವುದು ದಾಸ್ಯದ ಗುರುತಾದುದರಿಂದ ಅದನ್ನು ಒಡೆಯುವುದು ದಾಸ್ಯವನ್ನೇ ಒಡೆದಂತೆ.

ದಾಸ್ಯವು ನಿತ್ಯವ್ಯವಹಾರದಲ್ಲಿ ಎಷ್ಟು ಸಹಜವಾಗಿದ್ದಿತೆಂಬುದಕ್ಕೆ ಗಣಿತಗ್ರಂಥವೊಂದರ ಸಾಕ್ಷ್ಯವೂ ಉಂಟು. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ವ್ಯಸ್ತತ್ರೈರಾಶಿಕಕ್ಕೆ ಉದಾಹರಣೆಯಾಗಿ, 16 ವರುಷದ ಸ್ತ್ರೀಯ ಬೆಲೆ 32 ಆದರೆ 20 ವರುಷದವಳ ಬೆಲೆಯೆಷ್ಟು ಎಂದು ಪ್ರಶ್ನೆಯಿದೆ. ಪಾಠಶಾಲೆಯ ಬಾಲಕರು ತಲೆಮಾರುಗಳವರೆಗೆ ಈ ಲೆಕ್ಕವನ್ನು ಮಾಡಿ 25 ಮತ್ತು ಐದನೆಯ ಮೂರಂಶವೆಂದು ಉತ್ತರ ಬರೆದರು. ಉತ್ತರವು ಸರಿಯಾದುದೇ. ಪ್ರಶ್ನೆಯಲ್ಲಿ ತಪ್ಪೇನಾದರೂ ಇದೆಯೇ ಎಂದು ಕೇಳಬೇಕೆಂಬುದು ಬಹುಕಾಲ ಯಾರಿಗೂ ತೋರಲಿಲ್ಲ.

ಈ ಪೂರ್ವಪೀಠಿಕೆಯಿಂದ ಒಂದು ವಿಷಯವು ಸ್ಪಷ್ಟವಾಗುವುದು. ದಾಸ್ಯವೆಂಬುದು ಒಂದೇ ರೂಪದ್ದಲ್ಲ. ಅದಕ್ಕೆ 15 ಬಾಗಿಲುಗಳು. ಒಂದು ಬಾಗಿಲನ್ನು ಮುಚ್ಚಿದರೆ ಅದು ಇನ್ನೊಂದರಿಂದ ಒಳಗೆ ಬರುವುದು. ಹೀಗಿರಲು ಒಂದೇ ದೇಶದ ಬೇರೆ ಬೇರೆ ಪ್ರಾಂತಗಳಲ್ಲಿ ಅದು ಬೇರೆ ಬೇರೆ ಹೆಸರಿನಿಂದ, ಬೇರೆ ಬೇರೆ ಕಾನೂನಿನ ಆಶ್ರಯದಲ್ಲಿ ಉಳಿದರೆ ಆ ದೇಶದ ಐಕ್ಯಕ್ಕೆ ಏನಾಗುವುದೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಇದಕ್ಕೆ ಜಗತ್ತಿನ ಇತಿಹಾಸದಲ್ಲಿ ಸುಪ್ರಸಿದ್ಧವಾದ ನಿದರ್ಶನವು ಅಮೆರಿಕದ ಸಂಯುಕ್ತ ಸಂಸ್ಥಾನಗಳದು. 1787ರಲ್ಲಿ ಆ ರಾಷ್ಟ್ರದ ರಾಜ್ಯಘಟನೆಯನ್ನು ರಚಿಸಿದವರು ಗುಲಾಮಗಿರಿಯ ಪ್ರಶ್ನೆಯನ್ನು ಬಗೆಹರಿಸದೆ, ಪ್ರತಿನಿಧಿಗಳ ಸಂಖ್ಯೆಯನ್ನು ನಿಶ್ಚಯಿಸುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ರಾಜಿಯನ್ನು ಮಾಡಿಕೊಂಡರು. ಉತ್ತರದ ಪ್ರಾಂತಗಳು ಕ್ರಮೇಣ ಗುಲಾಮಗಿರಿಯನ್ನು ತೊರೆದವು. ದಕ್ಷಿಣದ ಪ್ರಾಂತಗಳಲ್ಲಿ 1793ರಲ್ಲಿ ಹತ್ತಿ ಬಿಡಿಸುವ ಯಂತ್ರವು ಹುಟ್ಟಿದ ಮೇಲೆ ಹತ್ತಿಯ ಬೆಳೆಯೂ ಗುಲಾಮರ ಬೆಲೆಯೂ ಒಟ್ಟಿಗೆ ಏರಿದವು. 1820ರಲ್ಲಿ ಭೂಪಟದ ಮೇಲೆ ಒಂದು ಅಕ್ಷಾಂಶರೇಖೆಯನ್ನು ಎಳೆದು ರಾಜಿ ಮಾಡಲಾಯಿತು. 1850ರಲ್ಲಿ ಓಡಿಹೋದ ಗುಲಾಮರನ್ನು ಉತ್ತರದವರೂ ಹಿಡಿದುಕೊಡಬೇಕೆಂಬ ಕಠಿಣ ಕಾನೂನು ಬಂದಿತು. 1854ರಲ್ಲಿ ಹಿಂದಿನ ರೇಖೆಯನ್ನೇ ಅಳಿಸಿಹಾಕಿದರು. 1857ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಕರಿಯರು ಆ ದೇಶದ ಪ್ರಜೆಗಳೇ ಅಲ್ಲವೆಂದು ತೀರ್ಪಿತ್ತಿತು. ಅರ್ಧ ಸ್ವತಂತ್ರವಾಗಿ ಅರ್ಧ ಗುಲಾಮವಾಗಿ ರಾಜ್ಯವು ಶಾಶ್ವತವಾಗಿ ನಿಲ್ಲಲಾರದೆಂದು ಅಬ್ರಹಾಂ ಲಿಂಕನ್ನನು 1858ರಲ್ಲಿ ಎಚ್ಚರಿಸಿದನು. 1860ರ ಗಣತಿಯಂತೆ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಆ ವರ್ಷದ ಚುನಾವಣೆಯಲ್ಲಿ ಲಿಂಕನ್ನನು ಗೆದ್ದೊಡನೆ ದಕ್ಷಿಣದ ಪ್ರಾಂತಗಳು ಒಂದೊಂದಾಗಿ ಬೇರೆಯಾಗತೊಡಗಿ, ಕಡೆಗೆ 11 ಪ್ರಾಂತಗಳು ಪ್ರತ್ಯೇಕ ಒಕ್ಕೂಟವನ್ನು ಕಟ್ಟಿದವು. 1861ರಿಂದ 1865ರವರೆಗೆ ನಡೆದ ಯುದ್ಧದಲ್ಲಿ 6 ಲಕ್ಷಕ್ಕೂ ಮಿಕ್ಕಿ ಜನರು ಮಡಿದರು. 1865ರ ಡಿಸೆಂಬರಿನಲ್ಲಿ ರಾಜ್ಯಘಟನೆಯ ತಿದ್ದುಪಡಿಯಿಂದ ಗುಲಾಮಗಿರಿಯು ರದ್ದಾಯಿತು.

ಆ ಯುದ್ಧವು ಕನ್ನಡ ನಾಡಿಗೆ ಕೇವಲ ದೂರದ ವಾರ್ತೆಯಾಗಿರಲಿಲ್ಲ. ಅಮೆರಿಕದ ಬಂದರುಗಳು ಮುಚ್ಚಿಹೋದುದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯಿಲ್ಲದಾಯಿತು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಯುದ್ಧವು ಮುಗಿದೊಡನೆ ಆ ಬೆಲೆಯು ಕುಸಿಯಿತು. ಏರಿದ ಕಾಲದಲ್ಲಿ ಸಾಹುಕಾರರಿಂದ ಧಾರಾಳವಾಗಿ ಸಾಲ ಪಡೆದ ದಖ್ಖನದ ರೈತರು ಇಳಿದ ಕಾಲದಲ್ಲಿ ಅದನ್ನು ತೀರಿಸಲಾರದೆ ಹೋದರು. ಅಮೆರಿಕದಲ್ಲಿಯಾದರೂ ಬಿಡುಗಡೆ ಹೊಂದಿದ ಗುಲಾಮರಿಗೆ ಭೂಮಿ ದೊರೆಯಲಿಲ್ಲ. ಅವರಲ್ಲಿ ಬಹುಮಂದಿ ಹಳೆಯ ಒಡೆಯರ ಹೊಲಗಳನ್ನೇ ಪಾಲಿಗೆ ಮಾಡಿ, ಬೀಜಕ್ಕೂ ಅನ್ನಕ್ಕೂ ಸಾಲ ಪಡೆದು, ಆ ಸಾಲದಿಂದಲೇ ಮತ್ತೆ ಕಟ್ಟಲ್ಪಟ್ಟರು. ಕೊಡವನ್ನು ಒಡೆದದ್ದಾಯಿತು, ಆದರೆ ಹೆಗಲಿನ ಭಾರ ಇಳಿಯಲಿಲ್ಲ.

ಇನ್ನು ಭರತಖಂಡದ ಸ್ಥಿತಿಯನ್ನು ನೋಡೋಣ. ಬುಕಾನನ್ನನು 1800–01ರಲ್ಲಿ ಕೈಗೊಂಡ ಪ್ರವಾಸದ ವೃತ್ತಾಂತದಲ್ಲಿ ಕನ್ನಡ ಜಿಲ್ಲೆಯಲ್ಲಿಯೂ ಮಲಬಾರದಲ್ಲಿಯೂ ಭತ್ತದ ಗದ್ದೆಗಳಲ್ಲಿ ದುಡಿಯುವ ದಾಸರ ಕ್ರಯವಿಕ್ರಯವನ್ನು ವರ್ಣಿಸಿದ್ದಾನೆ. 1843ರ 5ನೆಯ ಆಕ್ಟಿನ ಪ್ರಕಾರ ಕಂಪನಿಯ ನ್ಯಾಯಾಲಯಗಳು ದಾಸ್ಯದ ಹಕ್ಕನ್ನು ಮಾನ್ಯಮಾಡದಾದವು. 1862ರಿಂದ ಜಾರಿಗೆ ಬಂದ ದಂಡಸಂಹಿತೆಯು ಮನುಷ್ಯರನ್ನು ದಾಸರನ್ನಾಗಿ ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದು ಸಾರಿತು. ಆದರೆ ಅದೇ ಸರಕಾರವು 1859ರಲ್ಲಿ ಮಾಡಿದ ಇನ್ನೊಂದು ಕಾನೂನಿನಂತೆ, ಮುಂಗಡ ಹಣ ಪಡೆದ ಕೆಲಸಗಾರನು ಕೆಲಸ ಬಿಟ್ಟುಹೋದರೆ ಅವನಿಗೆ ಸೆರೆಮನೆಯ ಶಿಕ್ಷೆಯನ್ನು ವಿಧಿಸಬಹುದಾಗಿದ್ದಿತು. ಅದು 1925ರವರೆಗೆ ರದ್ದಾಗಲಿಲ್ಲ. ಕೊಂಡ ದಾಸನ ಬಾಗಿಲನ್ನು ಮುಚ್ಚಿದ ಕೈಯೇ ಸಾಲದ ದಾಸನ ಬಾಗಿಲನ್ನು ತೆರೆದಿಟ್ಟಿತು.

ಈ ಕಾನೂನುಗಳಾದರೂ ನಿಜಾಮರ ಸೀಮೆಗೆ ಸಲ್ಲುತ್ತಿರಲಿಲ್ಲ. ಭೀಮಾನದಿಯ ಒಂದು ದಡದಲ್ಲಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ, ಇನ್ನೊಂದು ದಡದಲ್ಲಿ ನಿಜಾಮರ ಕಲಬುರ್ಗಿ ಜಿಲ್ಲೆ. ಎರಡು ದಡಗಳಲ್ಲಿಯೂ ಒಂದೇ ಕನ್ನಡ, ಒಂದೇ ಜೋಳದ ಹೊಲ. ಕಾನೂನು ಮಾತ್ರ ಎರಡು. ನಿಜಾಮರ ರಾಜ್ಯದೊಳಗೇ ಮೂರು ಭಾಷೆಗಳ ಸೀಮೆಗಳಿದ್ದುವು. 16 ಜಿಲ್ಲೆಗಳಲ್ಲಿ 8 ತೆಲಂಗಾಣದವು, 5 ಮರಾಠವಾಡದವು. ಕಲಬುರ್ಗಿ, ರಾಯಚೂರು, ಬೀದರ ಈ ಮೂರು ಕನ್ನಡದವು. ರಾಜ್ಯದ ಸುಮಾರು ಐದನೆಯ ಎರಡು ಪಾಲು ಭೂಮಿಯು ಜಾಗೀರು, ಪಾಯಗಾ, ಸರ್ಫೇಖಾಸ್ ಮುಂತಾದ ಹೆಸರಿನಲ್ಲಿ ದಿವಾನಿಯ ನೇರ ಆಡಳಿತದಿಂದ ಹೊರಗಿದ್ದಿತು.

ಆ ರಾಜ್ಯದಲ್ಲಿ ಬಂಧನಕ್ಕೂ ಹಲವು ಹೆಸರುಗಳಿದ್ದುವು. ತೆಲುಗು ಸೀಮೆಯಲ್ಲಿ ದೇಶಮುಖರ ಗಡಿಗಳಿಗೆ ಪ್ರತಿಯೊಂದು ಕುಲವೂ ಕೂಲಿಯಿಲ್ಲದೆ ಸಲ್ಲಿಸಬೇಕಾದ ಸೇವೆಗೆ ವೆಟ್ಟಿಯೆಂದು ಹೆಸರು. ಕುಂಬಾರನು ಮಡಕೆಗಳನ್ನು, ಕುರುಬನು ಕುರಿಯನ್ನು ಪುಕ್ಕಟೆಯಾಗಿ ಒಪ್ಪಿಸಬೇಕು, ಅಗಸನು ಬಟ್ಟೆಯೊಗೆಯಬೇಕು, ಮಾಲ ಮಾದಿಗರು ಹೊರೆ ಹೊತ್ತು ಊರಿಂದೂರಿಗೆ ಓಡಬೇಕು. ದೇಶಮುಖರ ಮಗಳಿಗೆ ಮದುವೆಯಾದಾಗ ಬಡವರ ಹುಡುಗಿಯರನ್ನು ಅವಳೊಡನೆ ಅತ್ತೆಯ ಮನೆಗೆ ಕಳುಹಿಸುವ ಪದ್ಧತಿಯೂ ಇದ್ದಿತು. ಸಾಲಕ್ಕಾಗಿ ತಂದೆಯೂ ಅವನ ತರುವಾಯ ಮಗನೂ ಒಡೆಯನ ಹೊಲದಲ್ಲಿ ದುಡಿಯುವುದಕ್ಕೆ ಭಗೇಲಾ ಎಂದು ಹೆಸರು. ಕನ್ನಡದಲ್ಲಿ ಅದೇ ಜೀತ. ಭಗೇಲಾ ಕರಾರುಗಳನ್ನು ಹತೋಟಿಯಲ್ಲಿಡಲು ನಿಜಾಮ ಸರಕಾರವು 1943ರಲ್ಲಿ ಕಾನೂನು ಮಾಡಿತು. ಕರಾರು ಬರೆಸಿಕೊಳ್ಳುವ ದೇಶಮುಖನ ಮಾತೇ ಗ್ರಾಮದಲ್ಲಿ ಕಾನೂನಾಗಿದ್ದುದರಿಂದ ಅದರ ಫಲವು ಅಲ್ಪವಾಯಿತು.

ಈ ಹೆಸರುಗಳ ಭೇದದಿಂದ ಆದ ಹಾನಿಯು ಸಾಮಾನ್ಯವಾದುದಲ್ಲ. ಜನಜಾಗೃತಿಯ ಸಂಸ್ಥೆಗಳು ಭಾಷೆಗಳಿಗನುಸಾರವಾಗಿ ಬೇರೆಬೇರೆಯಾಗಿಯೇ ಹುಟ್ಟಿದುವು. ಆಂಧ್ರ ಮಹಾಸಭೆಯ ಮೊದಲ ಅಧಿವೇಶನವು 1930ರಲ್ಲಿ ಜೋಗಿಪೇಟೆಯಲ್ಲಿ ನಡೆಯಿತು. ಕರ್ನಾಟಕ ಪರಿಷತ್ತೂ ಮಹಾರಾಷ್ಟ್ರ ಪರಿಷತ್ತೂ 1937ರಲ್ಲಿ ಆರಂಭವಾದುವು. 1938ರಲ್ಲಿ ಹುಟ್ಟಿದ ಸ್ಟೇಟ್ ಕಾಂಗ್ರೆಸ್ಸನ್ನು ಸರಕಾರವು ನಿಷೇಧಿಸಿದುದರಿಂದ ಮೂರನ್ನೂ ಹೊಲಿಯುವ ದಾರವು 1946ರವರೆಗೆ ಬಹಿರಂಗವಾಗಿ ಕೆಲಸ ಮಾಡುವಂತಿರಲಿಲ್ಲ. ತೆಲಂಗಾಣದಲ್ಲಿ ವೆಟ್ಟಿಯ ಪ್ರಶ್ನೆಯೇ ಮೊದಲನೆಯದಾಯಿತು. 1944ರಲ್ಲಿ ಭುವನಗಿರಿಯ ಅಧಿವೇಶನದಲ್ಲಿ ಆಂಧ್ರ ಮಹಾಸಭೆಯು ರಾವಿ ನಾರಾಯಣರೆಡ್ಡಿ ಮುಂತಾದ ಕಮ್ಯೂನಿಸ್ಟರ ಕೈಸೇರಿ, ಮಿತವಾದಿಗಳು ಹೊರನಡೆದರು. 1946ರ ಜುಲೈ 4ರಂದು ಜನಗಾಂವ ತಾಲೂಕಿನ ಕಡವೆಂಡಿಯಲ್ಲಿ ದೇಶಮುಖನ ಆಳುಗಳ ಗುಂಡಿಗೆ ದೊಡ್ಡಿ ಕೊಮರಯ್ಯನು ಬಲಿಯಾದನು. ಅಲ್ಲಿಂದ ಸಶಸ್ತ್ರ ಹೋರಾಟವು ಹಬ್ಬಿತು. ಕನ್ನಡ ಜಿಲ್ಲೆಗಳಲ್ಲಿಯಾದರೋ ಭಾರತದೊಡನೆ ವಿಲೀನವೇ ಮೊದಲ ಪ್ರಶ್ನೆಯಾಯಿತು. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ 1947ರ ಆಗಸ್ಟಿನಲ್ಲಿ ಸತ್ಯಾಗ್ರಹವು ತೊಡಗಿತು. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಶಿಬಿರಗಳನ್ನು ಕಟ್ಟಿದರು. ಅವರ ಧೈರ್ಯತ್ಯಾಗಗಳು ಚಿರಸ್ಮರಣೀಯವಾದುವು. ಆದರೂ ಆ ಧ್ವಜದ ಕೆಳಗೆ ಜೀತದಾಳಿನ ಪ್ರಶ್ನೆಯು ಹಿಂದೆ ಉಳಿಯಿತು. ವೆಟ್ಟಿಯನ್ನು ತೆಲುಗರ ಕಷ್ಟವೆಂದು ಕನ್ನಡಿಗರೂ, ವಿಲೀನವನ್ನು ಮಧ್ಯಮವರ್ಗದವರ ಮಾತೆಂದು ತೆಲಂಗಾಣದ ಹೋರಾಟಗಾರರಲ್ಲಿ ಹಲವರೂ ತಿಳಿದರು.

ಈ ಭೇದದ ಅಪಾಯವು 1948ರಲ್ಲಿ ಪ್ರಕಟವಾಯಿತು. 1947ರ ನವೆಂಬರ 29ರ ಯಥಾಸ್ಥಿತಿ ಒಪ್ಪಂದದ ಆಶ್ರಯದಲ್ಲಿ ನಿಜಾಮನು ಸ್ವತಂತ್ರನಾಗಿ ಉಳಿಯಲು ಯತ್ನಿಸುತ್ತಿದ್ದನು. ರಜಾಕಾರರ ಹಾವಳಿಯು ಗ್ರಾಮಗ್ರಾಮಕ್ಕೂ ತಲುಪಿತ್ತು. ಆಗ ಭಾರತ ಸರಕಾರವನ್ನೇ ಶತ್ರುವೆಂದು ಸಾರತೊಡಗಿದ ಕಮ್ಯೂನಿಸ್ಟ್ ಪಕ್ಷದ ಮೇಲಿನ ನಿಷೇಧವನ್ನು ನಿಜಾಮ ಸರಕಾರವು ಮೇ ತಿಂಗಳಲ್ಲಿ ತೆಗೆದುಹಾಕಿತು. ಸೆಪ್ಟೆಂಬರ 13ರಿಂದ 17ರವರೆಗಿನ ಪೋಲೀಸು ಕಾರ್ಯಾಚರಣೆಯಿಂದ ಸಂಸ್ಥಾನವು ಭಾರತದಲ್ಲಿ ಸೇರಿತು. ಕನ್ನಡ ಮತ್ತು ಮರಾಠಿ ಜಿಲ್ಲೆಗಳಲ್ಲಿ ವಿಲೀನದ ಹೋರಾಟವು ಅಲ್ಲಿಗೆ ಮುಗಿಯಿತು. ತೆಲಂಗಾಣದಲ್ಲಿ ಮುಗಿಯಲಿಲ್ಲ. ದೇಶಮುಖರು ಮರಳಿ ಗ್ರಾಮಗಳಿಗೆ ಬರುವುದನ್ನು ಕಂಡ ರೈತರಲ್ಲಿ ಅನೇಕರು ಹೊಸ ಸರಕಾರದ ಸೈನ್ಯದೊಡನೆಯೂ ಕಾದಿದರು. 1951ರ ಅಕ್ಟೋಬರಿನವರೆಗೆ ಆ ಹೋರಾಟವು ನಿಲ್ಲಲಿಲ್ಲ. ಭೂಪಟದ ಐಕ್ಯವು ಐದು ದಿನಗಳಲ್ಲಿ ಸಿದ್ಧಿಸಿತು. ಬಂಧನವು ಉಳಿದ ಕಡೆಯಲ್ಲಿ ಮನಸ್ಸಿನ ಐಕ್ಯಕ್ಕೆ ಮೂರು ವರುಷಗಳು ಸಾಲದಾದುವು.

ಅಮೆರಿಕದಂತೆ ಇಲ್ಲಿ ದೇಶವು ಒಡೆಯಲಿಲ್ಲವೇಕೆ? ಕೇವಲ ಸೈನ್ಯಬಲದಿಂದ ಈ ಸಂಕಟವು ನಿವಾರಣೆಯಾಗಲಿಲ್ಲವೆಂಬುದನ್ನು ಗಮನಿಸಬೇಕು. 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದುವು. 1950ರ ಗೇಣಿ ಕಾನೂನಿನಿಂದ ಉಳುವವರಿಗೆ ರಕ್ಷಣೆ ದೊರೆಯಿತು. 1951ರ ಏಪ್ರಿಲ 18ರಂದು ನಲಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಹರಿಜನರು ವಿನೋಬಾ ಭಾವೆಯವರಲ್ಲಿ 80 ಎಕರೆ ಭೂಮಿಯನ್ನು ಬೇಡಲು, ರಾಮಚಂದ್ರರೆಡ್ಡಿಯವರು 100 ಎಕರೆ ಕೊಡಲು ಮುಂದಾದರು. ಭೂದಾನವು ಅಲ್ಲಿ ಹುಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, 1950ರ ಜನವರಿ 26ರಂದು ಜಾರಿಗೆ ಬಂದ ರಾಜ್ಯಘಟನೆಯ 23ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನೂ ಬೇಗಾರವನ್ನೂ ಬಲಾತ್ಕಾರದ ದುಡಿಮೆಯನ್ನೂ ದೇಶಾದ್ಯಂತ ನಿಷೇಧಿಸಿತು. ಅಮೆರಿಕದ ಘಟನಾಕಾರರು ಐವರನ್ನು ಮೂವರೆಂದು ಎಣಿಸಿದ ಸ್ಥಾನದಲ್ಲಿ ಭಾರತದ ಘಟನಾಕಾರರು ಯಾವ ಪ್ರಾಂತದೊಡನೆಯೂ ರಾಜಿ ಮಾಡಲಿಲ್ಲ. ಆದುದರಿಂದಲೇ 1956ರ ನವೆಂಬರ 1ರಂದು ಹೈದರಾಬಾದ ಸಂಸ್ಥಾನವು ಭಾಷಾನುಸಾರವಾಗಿ ಮೂರು ಪಾಲಾದಾಗ ಪಾಲುಗಳ ನಡುವೆ ಬಂಧನದ ಗಡಿಯು ಏಳಲಿಲ್ಲ. ಕಲಬುರ್ಗಿ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಗ ಆಂಧ್ರಪ್ರದೇಶಕ್ಕೆ ಹೋದುವು. ಸೇಡಂ ಚಿಂಚೋಳಿಗಳು ಮೈಸೂರು ರಾಜ್ಯಕ್ಕೆ ಬಂದುವು. ಗಡಿಯ ಈಚೆಗೂ ಆಚೆಗೂ ಕೂಲಿಯವನ ಹಕ್ಕು ಒಂದೇ ಆಗಿ ಉಳಿಯಿತು.

ಆದರೆ ಅನುಚ್ಛೇದವು ಜಾರಿಗೆ ಬಂದ ಮಾತ್ರಕ್ಕೆ ಆಚರಣೆಯು ಬರಲಿಲ್ಲ. ಪ್ರಾಂತಗಳು ತಮ್ಮ ತಮ್ಮ ಹೆಸರಿನ ಬಂಧನವನ್ನು ತಮ್ಮ ತಮ್ಮ ಪದ್ಧತಿಯೆಂದು ಸಮರ್ಥಿಸಿಕೊಂಡುವು. ಇದಕ್ಕೆ ಉತ್ತರವಾಗಿ 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯೂ 1976ರಲ್ಲಿ ಜೀತಪದ್ಧತಿ ರದ್ದಿಯಾತಿಯ ಕಾಯಿದೆಯೂ ಬಂದುವು. ಆ ಕಾಯಿದೆಯ ವ್ಯಾಖ್ಯಾವಿಭಾಗದಲ್ಲಿ ಅಪೂರ್ವವಾದ ಒಂದು ವಾಕ್ಯವಿದೆ. ಅದರಲ್ಲಿ ಜೀತ, ಹೊಲ್ಯ, ಭಗೇಲಾ, ವೆಟ್ಟಿ, ಪಾಲೇರು, ಪಣ್ಣೈಯಾಳ್, ಅಡಿಯಮಾರ್, ಹಾಲಿ, ಕಾಮಿಯಾ, ಸಾಗ್ರಿ ಮುಂತಾಗಿ ಸುಮಾರು 30 ಹೆಸರುಗಳನ್ನು ಸಾಲಾಗಿ ಎಣಿಸಿ, ಇವೆಲ್ಲವೂ ಒಂದೇ ಎಂದು ಹೇಳಿದೆ. ನಾರದನು 15 ಬಗೆಗಳನ್ನು ಎಣಿಸಿದ್ದು ಯಾವ ದಾಸನಿಗೆ ಬಿಡುಗಡೆಯುಂಟು, ಯಾರಿಗಿಲ್ಲ ಎಂದು ವಿಂಗಡಿಸುವುದಕ್ಕೆ. ಈ ಕಾಯಿದೆಯು 30 ಹೆಸರುಗಳನ್ನು ಎಣಿಸಿದ್ದು ಆ ವಿಂಗಡಣೆಯನ್ನು ಅಳಿಸುವುದಕ್ಕೆ. ಸಾಲ ತೀರಿದರೆ ಬಿಡುಗಡೆಯೆಂಬುದು ಹಳೆಯ ವಿಧಿ. ಸಾಲವೇ ರದ್ದೆಂಬುದು ಹೊಸ ವಿಧಿ. ಜೀತಕ್ಕಿಟ್ಟುಕೊಂಡವನಿಗೆ 3 ವರುಷಗಳವರೆಗೆ ಸೆರೆ ಮತ್ತು 2,000 ರೂಪಾಯಿಗಳವರೆಗೆ ದಂಡವನ್ನು ವಿಧಿಸಲಾಗಿದೆ.

ಸರ್ವೋಚ್ಚ ನ್ಯಾಯಾಲಯವು ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಹಸಿವಿನ ಒತ್ತಾಯದಿಂದ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯುವುದೂ ಬಲಾತ್ಕಾರದ ದುಡಿಮೆಯೇ ಎಂದು 1982ರಲ್ಲಿ ಹೇಳಿತು. ಫರೀದಾಬಾದಿನ ಕಲ್ಲುಗಣಿಗಳ ಕೆಲಸಗಾರರ ವಿಷಯದಲ್ಲಿ 1983ರಲ್ಲಿ ಕೊಟ್ಟ ತೀರ್ಪನ್ನು ಶಹಾಬಾದ ವಾಡಿಗಳ ಕಲ್ಲಿನ ನಡುವೆ ಬಾಳುವ ಜನರು ತಮ್ಮದೆಂದೇ ಓದಬಹುದು. ಬಿಡುಗಡೆಯಾದವನಿಗೆ ಜೀವನೋಪಾಯವನ್ನು ಕಲ್ಪಿಸದಿದ್ದರೆ ಅವನು ಪುನಃ ಜೀತಕ್ಕೆ ಬೀಳುವನೆಂದು 1984ರಲ್ಲಿ ಅದೇ ನ್ಯಾಯಾಲಯವು ಎಚ್ಚರಿಸಿತು.

ಈ ಎಚ್ಚರಿಕೆಯ ಸ್ಥಳದಲ್ಲಿಯೇ ಪ್ರಾಚೀನರ ವಿಧಿಯ ಕೊರತೆಯೂ ಕಾಣುವುದು. ಕೊಡ ಒಡೆಯುವ ಕ್ರಿಯೆಯನ್ನು ವಿವರವಾಗಿ ಹೇಳಿದ ನಾರದನು, ಪೂರ್ವಾಭಿಮುಖನಾಗಿ ಕಳುಹಿಸಲ್ಪಟ್ಟವನು ಆ ದಿನದ ಊಟಕ್ಕೆ ಎಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ. ಅಮೆರಿಕದವರೂ ಹೇಳಲಿಲ್ಲ. ಮಳೆ ಕೈಕೊಟ್ಟ ವರುಷ ಈ ಸೀಮೆಯಿಂದ ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ಗುತ್ತಿಗೆದಾರನಿಂದ ಮುಂಗಡ ಹಣವನ್ನು ಪಡೆಯುವಾಗ, ಅದಕ್ಕೆ ಜೀತವೆಂಬ ಹೆಸರಿಲ್ಲ, ಭಗೇಲಾ ಎಂಬ ಹೆಸರೂ ಇಲ್ಲ. ಆ ಮುಂಗಡವು ತೀರುವವರೆಗೆ ಬಿಟ್ಟುಬರಲಾರದ ಸ್ಥಿತಿಯಿದ್ದಲ್ಲಿ, ಸಾಲದಿಂದ ದಾಸನಾದವನೆಂದು ವಿಜ್ಞಾನೇಶ್ವರನು ವ್ಯಾಖ್ಯಾನಿಸಿದುದು ಅವರಿಗೆ ಅನ್ವಯಿಸುವುದು. ನೆರೆಯವನ ಬಂಧನವನ್ನು ಅದರ ಹೆಸರು ಬೇರೆಯೆಂಬ ಕಾರಣದಿಂದ ಗುರುತಿಸದೆ ಹೋದ ದೇಶಗಳಿಗೆ ಆದ ಗತಿಯನ್ನು ಇತಿಹಾಸವು ತಿಳಿಸಿದೆ. ಕಾಗಿಣೆಯ ದಡದಿಂದ ಹೊರಡುವ ಲಾರಿಯಲ್ಲಿ ಕುಳಿತವರನ್ನು ಅವರ ನಿಜವಾದ ಹೆಸರಿನಿಂದ ಗುರುತಿಸುವುದು, ಅವರ ಹೆಗಲಿನ ಕೊಡವನ್ನು ಒಡೆಯುವುದು, ಅನಂತರ ಅವರು ಊರಿನಲ್ಲಿಯೇ ಉಣ್ಣುವಂತೆ ಮಾಡುವುದು, ಈ ಮೂರೂ ಒಂದೇ ವಿಧಿಯ ಅಂಗಗಳು. ಮೊದಲಿನ ಎರಡನ್ನು ಶಾಸ್ತ್ರವೂ ಕಾಯಿದೆಯೂ ಬರೆದಿಟ್ಟಿವೆ. ಮೂರನೆಯದು ಊರಿನವರ ಕೈಯಲ್ಲಿದೆ.